ರಾಗಿಗುಡ್ಡದ ಕೊನೇ ಸಾಲು

ಭದ್ರಾವತಿ ಹಳೇನಗರದಲ್ಲಿ ಮೈಕ್‌ಸೆಟ್ ಓಂಕಾರಪ್ಪನ ಮನೆ ಯಾವುದು ಅಂತ ಯಾರನ್ನ ಕೇಳಿದ್ರೂ ತೋರಿಸ್ತಿದ್ರು. ಮೂವತ್ತು ವರ್ಷ ಊರಿನ ಮದುವೆ, ನಾಮಕರಣ, ಚುನಾವಣೆ ಎಲ್ಲವನ್ನೂ ಊರಿಗೇ ಕೇಳಿಸಿದ ಮನುಷ್ಯ. ಅವನದೊಂದು ಹಠ ಇತ್ತು. ಮೈಕ್ ಕಟ್ಟಿ ಮುಗಿದ ಮೇಲೆ ಆಂಪ್ಲಿಫೈಯರ್ ಪಕ್ಕದಲ್ಲೇ ನಿಂತು 'ಸರಿಯಾಗಿದೆ' ಅಂದವನಲ್ಲ. ಚಪ್ಪಲಿ ಮೆಟ್ಟಿಕೊಂಡು ಪೆಂಡಾಲಿನ ಕೊನೇ ಸಾಲಿಗೆ ನಡೀತಿದ್ದ. ಅಲ್ಲಿ ಕೂತ ಯಾವುದಾದ್ರೂ ಅಜ್ಜಿಯನ್ನ "ಅವ್ವಾ, ಕೇಳ್ಸುತ್ತಾ?" ಅಂತ ಕೇಳಿ, ಅಜ್ಜಿ ಹೂಂ ಅಂದ ಮೇಲೇ ಬಂದು ಟೀ ಕುಡೀತಿದ್ದ.

ಪ್ರತಿ ಸೋಮವಾರ ಸಂಜೆ ಅವನ ಮನೆ ಪಡಸಾಲೆಯಲ್ಲಿ ಭಜನೆ. ಮಂಡಳಿಗೆ ಹಿರಿಯರು ಕೊಟ್ರಬಸಪ್ಪನವರು, ಕಾರ್ಖಾನೆಯಿಂದ ನಿವೃತ್ತರಾದವರು. ಹಾಡು ಯಾರು ಬೇಕಾದ್ರೂ ಹೇಳಬಹುದಿತ್ತು, ಆದ್ರೆ ಕೊನೆಗೆ ಮಂಗಳ ಎತ್ತೋದು ಹಿರಿಯರೇ, ಹಿರಿಯರ ಕೈಯಲ್ಲಿರೋ ಹಿತ್ತಾಳೆ ತಾಳದ ಜೊತೆಗೇ. ಅವರಾಗಿ ತಾಳವನ್ನ ಇನ್ನೊಬ್ಬರ ಕೈಗೆ ಕೊಡೋ ತನಕ ಬೇರೆ ಯಾರೂ ಮಂಗಳಕ್ಕೆ ಬಾಯಿ ಹಾಕೋ ಹಾಗಿಲ್ಲ. ಅದು ಅವರ ಅಪ್ಪಂದಿರ ಕಾಲದಿಂದ ಬಂದ ಪದ್ಧತಿ.

ಎರಡು ಸಾವಿರದ ಎಂಟರ ಶುರುವಿನಲ್ಲಿ ಕೊಟ್ರಬಸಪ್ಪನವರಿಗೆ ಲಕ್ವ ಹೊಡೀತು. ಒಂದು ಕಾಲು ಸ್ವಾಧೀನ ತಪ್ಪಿತು, ಮಾತು ಸ್ವಲ್ಪ ತೊದಲಾಯ್ತು. ಶಿವಮೊಗ್ಗದ ರಾಗಿಗುಡ್ಡದಲ್ಲಿರೋ ಮಗಳು ಶೀಲಾ, ಹೈಸ್ಕೂಲ್ ಟೀಚರು, ತನ್ನ ಮನೆಗೆ ಕರ್ಕೊಂಡು ಹೋದಳು. ಚೆನ್ನಾಗೇ ನೋಡ್ಕೊಂಡಳು, ಸುಳ್ಳು ಹೇಳಬಾರದು. ಆದ್ರೆ ಮನುಷ್ಯ ಎಂಟು ತಿಂಗಳು ಒಂದು ಸಾಲೂ ಹಾಡಲಿಲ್ಲ. ಇತ್ತ ಹಳೇನಗರದಲ್ಲಿ ಮಂಗಳ ಇಲ್ಲದೇ ಬರೀ ಗಂಟೆ ಬಾರಿಸಿ ಆರತಿ ಎತ್ತೋದು ನಡೀತಿತ್ತು.

ಒಂದು ದಿನ ಓಂಕಾರಪ್ಪ ನೋಡೋಕೆ ಹೋದಾಗ ಅವರು ಪೇಪರಲ್ಲಿ ಸುತ್ತಿದ ಒಂದು ಪೊಟ್ಟಣ ಮುಂದಿಟ್ರು.

"ತಗೊಂಡು ಹೋಗು ಓಂಕಾರ. ಯಾರಿಗಾದ್ರೂ ಕೊಡು. ನಂದು ಮುಗೀತು."

ಒಳಗಿರೋದು ತಾಳ ಅಂತ ಬಿಚ್ಚದೇ ಗೊತ್ತಾಯ್ತು. ಇದನ್ನ ಒಯ್ದರೆ ಈ ಮನುಷ್ಯ ಮತ್ತೆ ಏಳಲ್ಲ ಅಂತ ಓಂಕಾರಪ್ಪನಿಗೆ ಅನ್ನಿಸ್ತು.

"ಕೊಟ್ರಣ್ಣ, ಒಂದೇ ಒಂದು ಸೋಮವಾರದ ಭಜನೆ ಇಲ್ಲೇ ಕೂತು ಕೇಳು. ಆಮೇಲೂ ಹಿಂಗೇ ಅಂದ್ರೆ ಒಯ್ತೀನಿ."

"ಕ್ಯಾಸೆಟ್ ತರಬೇಡ. ಅದು ನೀವು ಉಂಡು ಕೈ ತೊಳ್ಕೊಂಡ ಮೇಲೆ ನನ್ನನ್ನ ಊಟಕ್ಕೆ ಕರೆದ ಹಾಗೆ."

ಫೋನಲ್ಲಿ ಕೇಳಿಸಿ ನೋಡಿದ್ದಾಗಿತ್ತು. ಹಾರ್ಮೋನಿಯಂ ನೊಣ ಗುಂಯ್‌ಗುಟ್ಟಿದ ಹಾಗೆ ಕೇಳ್ತಿತ್ತು, ಎರಡು ಗಂಟೆ ರಿಸೀವರ್ ಹಿಡಿಯೋಕೆ ಮುದುಕರ ಕೈಯಲ್ಲಿ ಎಲ್ಲಿ ಆಗುತ್ತೆ? ಆಗಲೇ ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ನೋಡ್ಕೊಳ್ಳೋ ಯೋಗರಾಜ್ ಹೇಳಿದ್ದು: ಮನೆ ಕಂಪ್ಯೂಟರ್ರೇ ರೇಡಿಯೋ ಸ್ಟೇಷನ್ ಆಗುತ್ತೆ, ಇಂಟರ್‌ನೆಟ್ ಇರೋ ಕಡೆ ಎಲ್ಲಿ ಬೇಕಾದ್ರೂ ಕೇಳಬಹುದು ಅಂತ. ಓಂಕಾರಪ್ಪ ಹಳೇ ಕಂಪ್ಯೂಟರ್ ಒಂದನ್ನ ತಂದ. ಟೆಲಿಫೋನ್ ಲೈನಿಗೆ ಬ್ರಾಡ್‌ಬ್ಯಾಂಡ್ ಹಾಕಿಸಿದ, ಇಂಟರ್‌ನೆಟ್ ತರೋ ಮೊಡೆಮ್ ಡಬ್ಬಿಯೂ ಬಂತು. ಮಿಕ್ಸರ್‌ನಿಂದ ವೈರ್ ಎಳೆದು ಕಂಪ್ಯೂಟರ್ ಬೆನ್ನಿಗೆ ಚುಚ್ಚಿದ. ಕರೆಂಟ್ ಹೋದ್ರೆ ಇರಲಿ ಅಂತ ಮೈಕ್‌ಸೆಟ್ಟಿನ ಲಾರಿ ಬ್ಯಾಟರಿ ಬೇರೆ. ಹೆಂಡತಿ ಹಾಲಮ್ಮ ಸೊಂಟದ ಮೇಲೆ ಕೈ ಇಟ್ಕೊಂಡು ನೋಡಿದಳು.

"ನಡಿಯೋಕೆ ಜಾಗ ಬಿಡ್ರೀ ಮಾರಾಯ್ರೆ, ಇದೇನು ಮನೆಯೋ ಪವರ್‌ಹೌಸೋ?"

ಹಾಡು ಹಾಕಿ ನೋಡಿದ. ಸ್ಟೇಷನ್ನಿನ ವಿಳಾಸ ಅಂತ ಪರದೆ ಮೇಲೆ ಬಂದ ನಂಬರ್ ಒತ್ತಿದ್ರೆ ಅದೇ ಕಂಪ್ಯೂಟರಲ್ಲಿ ರೇಡಿಯೋ ಝಣಝಣ ಅಂತ ಬಂತು. ಓಂಕಾರಪ್ಪ ಕುಣಿಯೋದೊಂದು ಬಾಕಿ! ಶೀಲಾ ಮನೆಯಲ್ಲೂ ಕಂಪ್ಯೂಟರ್, ಇಂಟರ್‌ನೆಟ್ ಇತ್ತು, ಆ ನಂಬರನ್ನೇ ಅವಳಿಗೆ ಫೋನಲ್ಲಿ ಬರೆಸಿದ. ಸೋಮವಾರ ಮಂಡಳಿ ಗಂಟಲು ಹರಿಯೋ ಹಾಗೆ ಹಾಡಿತು.

ಭಜನೆ ಮುಗಿದ ಮೇಲೆ ಶೀಲಾ ಫೋನ್ ಮಾಡಿದಳು. "ಚಿಕ್ಕಪ್ಪ, ಏನೂ ಬರ್ಲಿಲ್ಲ. ಅಪ್ಪ ವಿಭೂತಿ ಹಚ್ಚಿಕೊಂಡು, ಮಡಿ ಪಂಚೆ ಉಟ್ಕೊಂಡು ಎರಡು ಗಂಟೆ ಕಂಪ್ಯೂಟರ್ ಮುಂದೆ ಕೂತಿದ್ರು."

ಆಮೇಲೆ ಅವರೇ ಫೋನ್ ತಗೊಂಡ್ರು. "ಬಿಡು ಓಂಕಾರ. ಅಲ್ಲಿ ನನಗೇನೂ ಇಲ್ಲ ಅಂತ ಮಷೀನಿಗೂ ಗೊತ್ತಾಗಿದೆ. ಬಂದು ತಾಳ ತಗೊಂಡು ಹೋಗು."

"ಬರ್ತೀನಿ ಅಣ್ಣ, ಬರೋ ಸೋಮವಾರ ಬರ್ತೀನಿ," ಅಂದ ಓಂಕಾರಪ್ಪ. ಆ ರಾತ್ರಿ ಊಟ ಸೇರಲಿಲ್ಲ.

ಮಾರನೇ ದಿನ ಯೋಗರಾಜ್ ಬಂದು ನೋಡಿ ನಕ್ಕೇ ಬಿಟ್ಟ. "ಅಣ್ಣಾ, ಇದು ನಿಮ್ಮನೆ ಒಳಗಿನ ನಂಬರು. ಪಡಸಾಲೆಯಿಂದ ಅಡುಗೆಮನೆಗೆ ಕೂಗೋಕೆ ಸಾಕು, ಬೀದಿಗೆ ಕೇಳಲ್ಲ. ಹೊರಗಿನವರಿಗೆ ಬೇರೆ ನಂಬರಿದೆ. ಅವರು ಒಳಗೆ ಬರೋಕೆ ಮೊಡೆಮ್ ಒಳಗೆ ಒಂದು ಬಾಗಿಲೂ ತೆಗೀಬೇಕು." ಬಾಗಿಲು ತೆಗೆದ, ಹೊರಗಿನ ನಂಬರ್ ಬರೆದುಕೊಟ್ಟ. ಮೊಡೆಮ್ ಆರಿದ್ರೆ ನಂಬರ್ ಬದಲಾಗುತ್ತೆ, ಆರಿಸಲೇಬೇಡಿ ಅಂದ. ಇಲ್ಲಿ ಹಾಡಿದ್ದು ಅಲ್ಲಿ ಮುಟ್ಟೋಕೆ ಅರ್ಧ ನಿಮಿಷ ಹಿಡಿಯುತ್ತೆ ಅಂತಲೂ ಹೇಳಿದ.

ಓಂಕಾರಪ್ಪನಿಗೆ ತನ್ನ ಮೇಲೇ ಸಿಟ್ಟು ಬಂತು. ಮೂವತ್ತು ವರ್ಷದಲ್ಲಿ ಮೊದಲನೇ ಸಲ ಆಂಪ್ಲಿಫೈಯರ್ ಪಕ್ಕ ನಿಂತು ಸರಿಯಾಗಿದೆ ಅಂದಿದ್ದ! ಥೂ, ಯಾವ ಮೈಕ್‌ಸೆಟ್ಟಿನವನು ನಾನು, ಅಂದ್ಕೊಂಡ.

"ಹಾಲೂ, ಈ ಸೋಮವಾರ ನಾನು ಕೊನೇ ಸಾಲಲ್ಲಿ ಕೂರ್ತೀನಿ. ರಾಗಿಗುಡ್ಡದಲ್ಲಿ."

"ಮತ್ತೆ ಇದನ್ನ ಯಾರು ನೋಡ್ಕೋತಾರೆ?"

"ನೀನೇ."

"ಅಯ್ಯೋ ಶಿವನೇ! ನನಗೆ ಗ್ರೈಂಡರೇ ಎದುರು ಮಾತಾಡುತ್ತೆ," ಅಂದಳು ಹಾಲಮ್ಮ. ಆದ್ರೆ ಆ ವಾರವೆಲ್ಲ ಮೌಸ್ ಹಿಡಿದು ಕಲಿತಳು.

ಸೋಮವಾರ ಸಂಜೆ ಬಸ್ಸಿಳಿದು ಓಂಕಾರಪ್ಪ ರಾಗಿಗುಡ್ಡ ಸೇರಿದ. ಕೊಟ್ರಬಸಪ್ಪನವರು ಈ ಸಲ ವಿಭೂತಿ ಹಚ್ಚಿರಲಿಲ್ಲ. ತಾಳದ ಪೊಟ್ಟಣ ಬಾಗಿಲ ಹತ್ತಿರದ ಸ್ಟೂಲ್ ಮೇಲಿತ್ತು, ಹೋಗುವಾಗ ಮರೀಬಾರದು ಅಂತ. ಶೀಲಾ ನಂಬರ್ ಒತ್ತಿದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಹಾಲಮ್ಮನ ಧ್ವನಿ ಬಂತು: "ಹಲೋ, ಮೈಕ್ ಟೆಸ್ಟಿಂಗ್. ರೀ, ಕೇಳ್ಸುತ್ತಾ?"

"ಕೇಳ್ಸುತ್ತೆ ಕಣೇ!" ಅಂತ ಓಂಕಾರಪ್ಪ ಕಂಪ್ಯೂಟರಿಗೇ ಕೂಗಿದ.

ಹಾರ್ಮೋನಿಯಂ ಬಂತು, ತಬಲ ಬಂತು. ಮಂಡಳಿಯ ಹೂವಪ್ಪನ ಹಾಡಿಗೆ ಕೊಟ್ರಬಸಪ್ಪನವರು "ತಾಳ ಬಿಟ್ಟು ಎಲ್ಲಿಗೆ ಓಡ್ತಾನೋ ಇವನು" ಅಂದ್ರು. ಎರಡು ಗಂಟೆ ಕಣ್ಣು ಮುಚ್ಚಿ ಕೇಳಿದ್ರು. ಜೊತೆಗೆ ಮಾತ್ರ ಹಾಡಲಿಲ್ಲ.

ಇದ್ದಕ್ಕಿದ್ದ ಹಾಗೆ ರೇಡಿಯೋ ನಿಂತುಹೋಯ್ತು. ಮೊಡೆಮ್ ಆರಿತಾ? ಓಂಕಾರಪ್ಪ ಕಿವಿ ಸ್ಪೀಕರಿಗೆ ಅಂಟಿಸಿದ. ಕಟಕಟ ಕಟಕಟ. ತನ್ನ ಮನೆ ಪಡಸಾಲೆಯ ಫ್ಯಾನು! ಯಾರೋ ಕೆಮ್ಮಿದ್ರು. ಲೈನ್ ಸರಿಯಾಗಿದೆ, ಜನ ಸುಮ್ಮನಿದಾರೆ. ಆಗ ಹಾಲಮ್ಮ ಮೈಕಲ್ಲಿ ಗದರಿದಳು: "ರೀ, ಇನ್ನು ಮಂಗಳ ಒಂದೇ ಬಾಕಿ. ಹಿರಿಯರು ಕೇಳ್ತಾ ಕೂತಿರುವಾಗ ನಾವು ಬರೀ ಗಂಟೆ ಬಾರಿಸೋದು ಹೆಂಗೆ? ಎಲ್ಲಾರೂ ಕಾಯ್ತಿದಾರೆ, ಫೋನ್ ಮಾಡಿ."

ಓಂಕಾರಪ್ಪ ತನ್ನ ಮನೆ ನಂಬರ್ ತಿರುಗಿಸಿ, ಅಲ್ಲಿನ ರಿಸೀವರನ್ನ ಮೈಕಿಗೆ ಹಿಡಿ ಅಂತ ಹಾಲಮ್ಮನಿಗೆ ಹೇಳಿ, ಇಲ್ಲಿನ ರಿಸೀವರನ್ನ ಹಿರಿಯರ ಕಡೆ ಚಾಚಿದ. ಕೊಟ್ರಬಸಪ್ಪನವರು ಅದನ್ನೇ ನೋಡಿದ್ರು.

"ನಾಲಿಗೆ ಹೊರಳಲ್ವೋ."

"ಹೊರಳಿದಷ್ಟು ಹೊರಳಲಿ ಅಣ್ಣ. ಅಲ್ಲಿ ಕಾಯ್ತಿದಾರೆ."

ಫ್ಯಾನ್ ಕಟಕಟ ಅಂತಲೇ ಇತ್ತು. ಅವರು ಬಾಗಿಲ ಕಡೆ ಕೈ ಚಾಚಿದ್ರು. ಶೀಲಾ ಓಡಿ ಪೊಟ್ಟಣ ತಂದು, ಪೇಪರ್ ಹರಿದು, ತಾಳ ಕೈಗಿಟ್ಟಳು. ರೇಡಿಯೋ ಧ್ವನಿ ಫೋನಿಗೆ ಸೇರಿ ಕೀಂಯ್ ಅಂತ ಕೂಗಬಾರದು ಅಂತ ಓಂಕಾರಪ್ಪ ಕಂಪ್ಯೂಟರಿನ ವಾಲ್ಯೂಮ್ ಇಳಿಸಿ, ರಿಸೀವರನ್ನ ಅವರ ಬಾಯಿಗೆ ಹಿಡಿದ.

ಮೊದಲನೇ ಸಾಲು ಮುರಿದು ಮುರಿದು ಹೊರಟಿತು. ಫೋನಿನ ಆ ತುದಿಯಲ್ಲಿ ಇಪ್ಪತ್ತು ಜನ ಒಟ್ಟಿಗೆ ಎತ್ತಿಕೊಂಡ್ರು. ಎರಡನೇ ಸಾಲು ಗಟ್ಟಿಯಾಯ್ತು. ಶೀಲಾ ಸೆರಗಲ್ಲಿ ಮುಖ ಒರೆಸಿಕೊಂಡಳು. ಓಂಕಾರಪ್ಪ ರಿಸೀವರ್ ಜರುಗದ ಹಾಗೆ ಹಿಡಿದೇ ಇದ್ದ.

ಮಂಗಳ ಮುಗಿದ ಮೇಲೆ ವಾಲ್ಯೂಮ್ ಏರಿಸಿದ. ಅರ್ಧ ನಿಮಿಷ ತಡವಾಗಿ ಬರೋ ರೇಡಿಯೋದಲ್ಲಿ ಕೊನೇ ಸಾಲುಗಳು ಇನ್ನೂ ನಡೀತಿದ್ವು. ಕೊಟ್ರಬಸಪ್ಪನವರು ತಮ್ಮದೇ ಧ್ವನಿಯನ್ನ ತಲೆ ಓರೆ ಮಾಡಿ, ಪೂರ್ತಿ ಕೇಳಿದ್ರು.

"ಕೇಳ್ಸುತ್ತಾ ಅಣ್ಣ?" ಅಂದ ಓಂಕಾರಪ್ಪ.

"ಕೇಳ್ಸುತ್ತೆ. ತಾಳ ಒಂಚೂರು ಹಿಂದೆ ಬೀಳ್ತಿದೆ," ಅಂತ ಅವರು ತಾಳವನ್ನ ಮಡಿಲಲ್ಲಿಟ್ಟುಕೊಂಡ್ರು. "ಬರೋ ಸೋಮವಾರ ಸರಿ ಮಾಡ್ತೀನಿ."