ವರದಮ್ಮನ ಅಡಿಗೆಮನೆಗೆ ಬಂದ ಕೊಕ್ಕರೆ ನಲ್ಲಿ

ಕೋಣಂದೂರಿನ ಸುತ್ತಮುತ್ತ ವರದಮ್ಮನ ಬಾಯಿಗೆ ಹೆದರದವರಿಲ್ಲ. ಮದುವೆಮನೆಗೆ ಹೋದರೆ ಮೊದಲ ತುತ್ತಿಗೇ ಅಡಿಗೆಯವನ ಜಾತಕ ಬಿಚ್ಚಿಡುತ್ತಾಳೆ. ಒಮ್ಮೆ ಹೊಳೆಬಾಗಿಲಿನಲ್ಲಿ ಹೊಳೆ ದಾಟುವ ಲಾಂಚಿಗೆ ಕಾಯುತ್ತಿದ್ದಾಗ, ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳ ಬುತ್ತಿಗೆ ಇಣುಕಿ, "ಎಂತ ಮಾರಾಯ್ತಿ, ಚಿತ್ರಾನ್ನ ಮಾಡಿದ್ಯಾ, ಇಲ್ಲ ಅನ್ನಕ್ಕೆ ಕಾಮಾಲೆ ಬಂದಿದ್ಯಾ?" ಎಂದು ಕೇಳಿದ ಪುಣ್ಯಾತ್ಗಿತ್ತಿ ಈಕೆ.

ಇಂಥವಳ ಅಡಿಗೆಮನೆಯಲ್ಲಿ ಇವಳನ್ನು ಕೇಳದೆ ನಲ್ಲಿ ಬದಲಾಯಿಸುವುದೆಂದರೆ ಹುಡುಗಾಟವೇ? ಸೊಸೆ ಕವನಾ ಬದಲಾಯಿಸಿಯೇಬಿಟ್ಟಳು. ಗಟ್ಟಿಯಾಗಿ ತಿರುಪಿದರಷ್ಟೇ ನಿಲ್ಲುತ್ತಿದ್ದ ಹಳೆಯ ಹಿತ್ತಾಳೆ ನಲ್ಲಿ ಹೋಗಿ, ಕತ್ತು ಉದ್ದ ಮಾಡಿಕೊಂಡ ಹೊಳೆಯುವ ನಲ್ಲಿ ಬಂತು. ಅದಕ್ಕೆ ತಿರುಪಣೆಯೇ ಇಲ್ಲ, ಒಂದೇ ಒಂದು ಹಿಡಿಕೆ. ಎತ್ತಿದರೆ ನೀರು, ಒತ್ತಿದರೆ ಬಂದ್.

"ಇದೆಂತ ನಲ್ಲಿಯೇ, ಕೊಕ್ಕರೆ ಕತ್ತು!" ಎಂದು ವರದಮ್ಮ ಶುರುಮಾಡಿದಳು. "ಸಾಗರದ ಬೀಗರ ಮನೇಲಿ ನೋಡಿದೀನಿ ಈ ಶೋಕಿನ. ನಲ್ಲಿ ನೋಡಿದ್ರೆ ಅರಮನೆ, ಸಾರು ನೋಡಿದ್ರೆ ಹೊಳೆ ನೀರು."

"ಹಳೇದು ಸೋರ್ತಿತ್ತು ಅತ್ತೆ," ಎಂದಳು ಕವನಾ.

"ಸೋರ್ತದೆ ಅಂತ ಕಿತ್ತು ಬಿಸಾಕದಾ? ಹಂಗಾದ್ರೆ ನಿನ್ ಗಂಡಂಗೆ ನೆಗಡಿ ಆದಾಗ ಎಂತ ಮಾಡ್ತೀಯೆ?"

ಕವನಾ ನಗು ತಡೆದುಕೊಂಡು ಶಾಲೆಗೆ ಪಾಠ ಮಾಡಲು ಹೊರಟುಹೋದಳು.

ಈ ಹಾರಾಟದ ಅಡಿಯಲ್ಲಿ ಒಂದು ಗುಟ್ಟಿತ್ತು. ವರ್ಷದಿಂದೀಚೆಗೆ ವರದಮ್ಮನ ಬಲಗೈ ಹೆಬ್ಬೆರಳಿನ ಬುಡಕ್ಕೆ ಬಲವೇ ಇರಲಿಲ್ಲ. ಮೀನು ಕೊಯ್ಯಬಲ್ಲಳು, ಕಡುಬು ಕಟ್ಟಬಲ್ಲಳು. ಆದರೆ ಏನನ್ನಾದರೂ ಹಿಡಿದು ತಿರುಪಬೇಕೆಂದರೆ ಜೀವ ಬಾಯಿಗೆ ಬರುತ್ತಿತ್ತು. ಅದಕ್ಕೇ ಅಡಿಗೆಮನೆಯಲ್ಲಿರುವಷ್ಟು ಹೊತ್ತೂ ಕೈಗೆ ಏನಾದರೂ ಮೆತ್ತಿಕೊಂಡಿರುತ್ತಿದ್ದಳು. ಮೀನಿಲ್ಲದಿದ್ದರೆ ಹಲಸಿನ ಮೇಣ, ಅದೂ ಇಲ್ಲದಿದ್ದರೆ ಸುಮ್ಮನೆ ಹಿಟ್ಟಿನ ಪಾತ್ರೆಗೆ ಕೈ ಅದ್ದಿ, "ಏ ಕವನಾ, ನನ್ ಕೈಯೆಲ್ಲ ಮುಸುರೆ, ಬಂದು ನಲ್ಲಿ ಬಿಡೇ!" ಎಂದು ಕೂಗುತ್ತಿದ್ದಳು. ಕೂಗಿನ ಜೋರಿಗೆ ಯಾರಿಗೂ ಸಂಶಯ ಬರಲಿಲ್ಲ.

ಹೇಳಿಕೊಂಡರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅವಳ ಅತ್ತೆ ಒಮ್ಮೆ ಗಂಜಿ ಪಾತ್ರೆ ಕೈಜಾರಿಸಿದ್ದೇ ನೆಪವಾಗಿ, ಮನೆಯವರೆಲ್ಲ ಸೇರಿ ಪಾಪ ಪಾಪ ಎನ್ನುತ್ತಲೇ ಮುದುಕಿಯನ್ನು ಜಗಲಿಗೆ ಕೂರಿಸಿಬಿಟ್ಟಿದ್ದರು. ಸೌಟು ವರದಮ್ಮನ ಕೈಗೆ ಬಂದಿತ್ತು. ಆಮೇಲೆ ಸಾಯುವವರೆಗೂ ಆ ಹೆಂಗಸನ್ನು, ಸಾರಿಗೆ ಉಪ್ಪು ಸಾಕೇ ಎಂದು ಕೇಳಿದವರೂ ಇಲ್ಲ. ವರದಮ್ಮ ಸಾವಿಗೆ ಹೆದರುತ್ತಿರಲಿಲ್ಲ, ಆ ಜಗಲಿಗೆ ಹೆದರುತ್ತಿದ್ದಳು.

ಹೊಸ ನಲ್ಲಿ ಮುಟ್ಟಲು ಹೋಗಿ ಅದೂ ಆಗದಿದ್ದರೆ ಮಾನ ಹೋಗುತ್ತದೆಂದು ಅದರ ಹತ್ತಿರವೂ ಸುಳಿಯಲಿಲ್ಲ. ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಕೈತುಂಬ ಮೀನಿನ ಪೊರೆ. ಬೇರೆ ದಾರಿಯಿಲ್ಲದೆ ಮೊಣಕೈಯಿಂದ ಹಿಡಿಕೆಯನ್ನು ಒಂಚೂರು ಎತ್ತಿದಳು. ಬಳಬಳ ನೀರು! ಒತ್ತಿದಳು, ನಿಂತಿತು. ಮತ್ತೆ ಎತ್ತಿದಳು. ಖುಷಿಗೆ ಒಬ್ಬಳೇ ನಕ್ಕುಬಿಟ್ಟಳು.

ಹಾಗಂತ ಒಪ್ಪಿಕೊಳ್ಳುವುದುಂಟೇ? ಯಾರೂ ಇಲ್ಲದಾಗ ಮೊಣಕೈ, ಯಾರಾದರೂ ಬಂದರೆ ಎರಡರಷ್ಟು ಬೈಗುಳ. ಕೊಕ್ಕರೆ ಕತ್ತು, ಸೊಟ್ಟ ಮೂತಿ, ಸಿಂಗಾರಕ್ಕೆ ನಿಂತ ಸೋಮಾರಿ. ಕೇಳಿ ಕೇಳಿ ಮಗ ರವೀಶನ ತಲೆ ಕೆಟ್ಟುಹೋಯಿತು. ಭಾನುವಾರ ಬೆಳಿಗ್ಗೆ ಪ್ಲಂಬರ್ ರಾಜುವನ್ನು ಕರೆದುಕೊಂಡೇ ಬಂದ.

"ಅಮ್ಮಾ, ನಿನ್ನ ಹಳೇ ನಲ್ಲಿನೇ ಹಾಕ್ಸ್ತಿದೀನಿ. ಇನ್ನಾದ್ರೂ ಬಾಯಿಗೆ ಬೀಗ ಹಾಕು."

ಬಂಗಡೆ ಕೊಯ್ಯುತ್ತ ಕೂತಿದ್ದ ವರದಮ್ಮ ಕತ್ತಿ ಕೆಳಗಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ಬೇಡವೆಂದರೆ ಯಾಕೆ ಎನ್ನುತ್ತಾರೆ.

"ಕಿತ್ರೆ ಗೋಡೆ ಹಾಳಾಗಲ್ವೇನಾ ರಾಜು?"

"ಎಂತ ಆಗಲ್ಲಮ್ಮ, ಒಂದ್ನಿಮಿಷದ ಕೆಲಸ," ಎಂದು ಅವನು ಸ್ಪ್ಯಾನರ್ ಹಚ್ಚಿದ.

"ನಿಲ್ಸಾ!" ವರದಮ್ಮ ಎದ್ದು ನಿಂತಿದ್ದಳು.

ರವೀಶ ರೇಗಿದ. "ಮತ್ತೆಂತದಮ್ಮ ನಿಂದು? ಹಾಕಿದ್ರೂ ಬೈತೀಯ, ತೆಗೆದ್ರೂ ಬೈತೀಯ!"

"ತಿರುಪಕ್ಕೆ ನನ್ ಕೈಲಿ ಆಗಲ್ಲ ಕಣಾ." ಆ ಮಾತು ಹೇಳುವಾಗ ಅವಳ ದನಿ ಅವಳದ್ದೆಂದು ಅನಿಸಲೇ ಇಲ್ಲ. "ವರ್ಷ ಆಯ್ತು. ಬೆರಳಲ್ಲಿ ಬಲ ಇಲ್ಲ."

ರವೀಶನ ಮುಖ ಇಳಿಯಿತು. "ಅಯ್ಯೋ, ಹೇಳದಲ್ವನಮ್ಮಾ! ಇನ್ಮೇಲೆ ಅಡಿಗೆಮನೆ ಕಡೆ ಬರ್ಬೇಡ, ಕವನಾ ನೋಡ್ಕಳ್ತಾಳೆ."

ಬಂತಲ್ಲ ಜಗಲಿ, ಎಂದುಕೊಂಡಳು ವರದಮ್ಮ.

"ಯಾರು, ನಾನಾ? ಚೆನ್ನಾಗಿದೆ ನಿಮ್ ಮಾತು!" ಬಾಗಿಲಲ್ಲಿ ನಿಂತಿದ್ದ ಕವನಾ ಗಂಡನ ಮೇಲೆ ಏರಿಹೋದಳು. "ನಾನು ಮೀನು ಕೊಯ್ದ್ರೆ ಮುಳ್ಳು ನಿಮ್ ಗಂಟಲಲ್ಲಿರ್ತದೆ. ಕಡುಬು ಕಟ್ಟಿದ್ರೆ ಹಬೇಲೇ ಬಿರಿತವೆ. ಅತ್ತೆ ಕೈಲಿ ತಿರುಪಕ್ಕಾಗಲ್ಲ ಅಂತಲೇ ಅಲ್ವಾ ನಾನು ಈ ನಲ್ಲಿ ತರ್ಸಿದ್ದು!"

ವರದಮ್ಮ ತಿರುಗಿದಳು. "ನಿಂಗೆ ಗೊತ್ತಿತ್ತಾ?"

"ದಿನಾ ಮೂರು ಹೊತ್ತು ಯಾರ ಕೈ ಮುಸುರೆ ಇರ್ತದೆ ಅತ್ತೆ?"

ಇಷ್ಟು ದಿನ ತನ್ನ ಬೈಗುಳವನ್ನೆಲ್ಲ ನುಂಗಿಕೊಂಡು, ತನ್ನ ಮಾನ ಕಾದವಳು ಇವಳು! ಕಣ್ಣಲ್ಲಿ ದಳದಳನೆ ನೀರು ಇಳಿಯಿತು. ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಮೀನು. ರಾಜುವನ್ನು ಪಕ್ಕಕ್ಕೆ ಸರಿಸಿ, ಮಗ ಸೊಸೆ ನೋಡುತ್ತಿದ್ದಂತೆಯೇ ಮೊಣಕೈಯಿಂದ ಹಿಡಿಕೆ ಎತ್ತಿ ಕೈ ತೊಳೆದುಕೊಂಡಳು.