ದೊಡ್ಡಮ್ಮನ ಮೀನಿನ ಹಾಸ್ಟೆಲ್

ನನ್ನ ದೊಡ್ಡಮ್ಮ ಮೂವತ್ತೊಂದು ವರ್ಷ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ವಾರ್ಡನ್ ಆಗಿದ್ದಳು. ಒಂದು ರೂಮಿಗೆ ಇಬ್ಬರು. ಯಾರ ಜೊತೆ ಯಾರು ಎಂದು ತೀರ್ಮಾನಿಸುವವಳು ಅವಳೊಬ್ಬಳೇ. ಹೊಸದಾಗಿ ಬಂದವಳ ಕೈಗೆ ಒಂದು ಫಾರಂ ಕೊಟ್ಟು ಏಳುವ ಹೊತ್ತು, ಮಲಗುವ ಹೊತ್ತು, ಊಟದ ರೀತಿ, ಸ್ವಭಾವ, ಗೊರಕೆ ಎಲ್ಲವನ್ನೂ ಬರೆಸಿಕೊಳ್ಳುತ್ತಿದ್ದಳು. ಗೊರಕೆಯ ವಿಷಯದಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆಂದು ಆ ಒಂದು ಕಾಲಂ ಮಾತ್ರ ಮುಖ ನೋಡಿ ತಾನೇ ತುಂಬುತ್ತಿದ್ದಳು. ರೂಮು ಬದಲಾಯಿಸಿಕೊಡಿ ಎಂದು ಬಂದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ಅವಳು ನಿವೃತ್ತಳಾದಾಗ ಹುಡುಗಿಯರೆಲ್ಲ ಸೇರಿ ನಾಲ್ಕಡಿ ಉದ್ದದ ಗಾಜಿನ ಅಕ್ವೇರಿಯಂ ಉಡುಗೊರೆ ಕೊಟ್ಟರು. ಅದನ್ನೂ, ಎರಡು ಪೆಟ್ಟಿಗೆಗಳನ್ನೂ, ಉಳಿದುಹೋಗಿದ್ದ ಖಾಲಿ ಫಾರಂಗಳ ಒಂದು ಕಟ್ಟನ್ನೂ ತೆಗೆದುಕೊಂಡು ದೊಡ್ಡಮ್ಮ ನಮ್ಮ ಮನೆಗೆ ಬಂದಳು. ಮನೆಯಲ್ಲಿದ್ದವರು ನಾನು ಮತ್ತು ಅಮ್ಮ. ಅಮ್ಮ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡವಳು. ನಾನು ಔಷಧದ ಅಂಗಡಿಯಲ್ಲಿ ದುಡಿಯುವವಳು. ಇಬ್ಬರಿಗೂ ಖುಷಿಯೋ ಖುಷಿ. ಆ ಖುಷಿ ಸರಿಯಾಗಿ ಒಂಬತ್ತು ದಿನ ಇತ್ತು.

ಹತ್ತನೇ ದಿನ ದೊಡ್ಡಮ್ಮ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ ಅಕಾರಾದಿಯಾಗಿ ಜೋಡಿಸಿಟ್ಟಳು. ಅಮ್ಮ ತುಟಿಪಿಟಕ್ ಎನ್ನದೆ ಒಂದೊಂದನ್ನೂ ಮೊದಲಿದ್ದ ಜಾಗಕ್ಕೇ ತಂದಿಟ್ಟಳು, ಆದರೆ ಇಡುವಾಗ ಒಂದೊಂದು ಡಬ್ಬಿಯೂ ಟಣ್ ಎಂದಿತು. ಬಚ್ಚಲ ಬಾಗಿಲಿಗೆ "ಹತ್ತು ನಿಮಿಷ ಮಾತ್ರ" ಎಂಬ ಸೂಚನೆ ಬಂದಾಗ ಅಮ್ಮನ ತಾಳ್ಮೆ ಮುಗಿಯಿತು.

"ಅಕ್ಕ, ಇದು ನನ್ನ ಮನೆ. ಹಾಸ್ಟೆಲ್ ಅಲ್ಲ."

ಅಷ್ಟೇ ಮಾತು. ಆದರೆ 'ನನ್ನ' ಎಂದದ್ದು ದೊಡ್ಡಮ್ಮನಿಗೆ ನಾಟಿತು. ಆವತ್ತಿನಿಂದ ಲೋಟ ಬೇಕಾದರೂ "ತೆಗೆದುಕೊಳ್ಳಲಾ?" ಎಂದು ಕೇಳಿ ತೆಗೆದುಕೊಳ್ಳತೊಡಗಿದಳು. ಅಷ್ಟು ಹುಡುಗಿಯರಿಗೆ ಜೊತೆ ಹುಡುಕಿಕೊಟ್ಟವಳು, ಮೂವತ್ತೊಂದು ವರ್ಷ ಕಾರಿಡಾರಿನ ಕೊನೆಯ ಒಂಟಿ ರೂಮಿನಲ್ಲಿ ಇದ್ದವಳು. ಇನ್ನೊಬ್ಬರ ಜೊತೆ ಇರುವ ಅಭ್ಯಾಸ ಅವಳಿಗಾದರೂ ಎಲ್ಲಿಂದ ಬರಬೇಕು?

ಮನಸ್ಸನ್ನೆಲ್ಲ ಮೀನಿನ ಕಡೆ ತಿರುಗಿಸಿದಳು. ಮೀನಿನ ಅಂಗಡಿಯಾತನ ಮುಂದೆ ಕೂತು ಮೀನಿಗೊಂದರಂತೆ ಹಾಸ್ಟೆಲ್ ಫಾರಂ ತುಂಬಿದಳು. ಏಂಜಲ್ ಮೀನು: ಸ್ವಭಾವ ಶಾಂತ, ಊಟ ಎರಡು ಹೊತ್ತು. ಸೂಜಿಯಷ್ಟುದ್ದದ ನಿಯಾನ್ ಮೀನುಗಳು: ಸ್ವಭಾವ ಶಾಂತ, ಊಟ ಎರಡು ಹೊತ್ತು. ಎಲ್ಲ ಹೊಂದುತ್ತದೆ ಎಂದು ಒಂದು ಏಂಜಲ್, ಆರು ನಿಯಾನ್ ತಂದು ಬಿಟ್ಟಳು. ಮರುದಿನ ಬೆಳಿಗ್ಗೆ ಹಾಜರಿ ತೆಗೆದುಕೊಂಡರೆ ಆರರಲ್ಲಿ ನಾಲ್ಕೇ ಹಾಜರು. ಉಳಿದ ಮೀನು ಹೊತ್ತು ಹೋದಾಗ ಅಂಗಡಿಯಾತ ತಲೆ ಚಚ್ಚಿಕೊಂಡ.

"ಮೇಡಂ, ಶಾಂತ ಅಂದ್ರೆ ಉಪವಾಸ ಅಂತ ಅಲ್ಲ. ಏಂಜಲ್ಲೂ ಸಿಕ್ಲಿಡ್ ಅನ್ನೋ ಬೇಟೆ ಮೀನಿನ ಜಾತಿನೇ. ಬಾಯೊಳಗೆ ಹಿಡಿಯೋದೆಲ್ಲ ಅದಕ್ಕೆ ಊಟ. ಎಷ್ಟು ದೊಡ್ಡದು ಅಂತ ನಿಮ್ಮ ಫಾರಂನಲ್ಲಿ ಕೇಳೇ ಇಲ್ವಲ್ಲ!"

ಉಳಿದವನ್ನು ವಾಪಸ್ ತೆಗೆದುಕೊಂಡು ಅವನೇ ಕೇಳಿದ: "ನಿಮ್ಮನೆ ನಲ್ಲಿ ನೀರು ಕಾಯಿಸಿದ್ರೆ ಪಾತ್ರೆಗೆ ಬಿಳಿ ಕಟ್ಟುತ್ತಾ?"

"ಕಟ್ಟುತ್ತೆ. ನನ್ನ ತಂಗಿ ವಾರಕ್ಕೊಂದ್ಸಲ ಉಜ್ಜುತ್ತಾಳೆ."

"ಹಾಗಿದ್ರೆ ಗಡಸು ನೀರು. ಅದಕ್ಕೆ ಸರಿಹೋಗೋ ಸಿಕ್ಲಿಡ್ ಬೇರೆ ಇವೆ, ದೊಡ್ಡ ಕೆರೆಗಳ ಕಲ್ಲುಸಂದಿಯವು. ಬಣ್ಣ ಚೆಂದ, ಕೋಪ ಜಾಸ್ತಿ. ಅವನ್ನೇ ಇಟ್ಕೊಳ್ಳಿ, ಅವುಗಳ ಜೊತೆ ಅಂಥವನ್ನೇ ಬಿಡಿ. ಒಂದೇ ಬಣ್ಣದ ಎರಡು ಗಂಡು ಮಾತ್ರ ಬೇಡ."

ದೊಡ್ಡಮ್ಮ ಗುಡ್ಡದಂತೆ ಕಲ್ಲು ಜೋಡಿಸಿ, ಮೊದಲು ಒಂದೇ ಒಂದು ನೀಲಿ ಗಂಡು ಮೀನನ್ನು ತಂದು ಬಿಟ್ಟಳು. ಇದು ಅವಳ ಸ್ವಂತ ಬುದ್ಧಿ. ಸೀನಿಯರ್ ಒಬ್ಬಳು ನೆಲೆಯೂರಿದ ಮೇಲೆ ಜೂನಿಯರ್‌ಗಳು ಬಂದರೆ ಶಿಸ್ತಾಗಿರುತ್ತಾರೆ ಎನ್ನುವುದು ಅವಳ ಹಾಸ್ಟೆಲಿನ ಅನುಭವ. ಮೀನಿಗೆ ಸೀನಿಯರ್ ಎಂದೇ ಹೆಸರಿಟ್ಟಳು. ಎರಡು ವಾರದಲ್ಲಿ ಅದು ಇಡೀ ಗುಡ್ಡಕ್ಕೆ ಯಜಮಾನನಾಯಿತು. ಆಮೇಲೆ ನಾಲ್ಕು ಹಳದಿ ಹೆಣ್ಣು ಮೀನು ಬಂದವು. ಸೀನಿಯರ್ ಆ ನಾಲ್ಕನ್ನೂ ನೀರು ಬೆಚ್ಚಗಿಡುವ ಹೀಟರಿನ ಹಿಂದಿನ ಮೂಲೆಗೆ ಅಟ್ಟಿತು. ಊಟಕ್ಕೂ ಬರಗೊಡಲಿಲ್ಲ. ಒಂದರ ಬಾಲ ಹರಿದ ರಿಬ್ಬನ್ ಆಗಿತ್ತು.

ಆ ಶನಿವಾರ ಊಟದ ಹೊತ್ತಿಗೆ ದೊಡ್ಡಮ್ಮ ತಟ್ಟೆ ನೋಡುತ್ತಲೇ ಹೇಳಿದಳು: "ಬಸ್ ಸ್ಟ್ಯಾಂಡ್ ಹಿಂದೆ ಒಂದು ರೂಮು ನೋಡಿದ್ದೀನಿ. ಸೋಮವಾರ ಸಂಜೆಯೊಳಗೆ ಫೋನ್ ಮಾಡಿ ಹೇಳ್ಬೇಕು. ಒಬ್ಬಳಿಗೆ ಸಾಕು."

ನಾನು ಅಮ್ಮನ ಮುಖ ನೋಡಿದೆ. ಅಮ್ಮ ಬೇಡ ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ಅಕ್ಕ ತಂಗಿ ಇಬ್ಬರಿಗೂ ಬಿಂಕ ಸಮಸಮ. ಇದನ್ನು ಯಾವ ಫಾರಂನಲ್ಲಿ ತುಂಬುವುದು?

ಭಾನುವಾರ ಹಳದಿ ಮೀನುಗಳ ದೂರು ಹೊತ್ತು ಮೂವರೂ ಹೊರಟೆವು. ಅಮ್ಮ ಬಂದದ್ದು ಪಕ್ಕದ ಅಂಗಡಿಯಲ್ಲಿ ದಾರ ಕೊಳ್ಳಲು ಎಂದು ಅವಳೇ ಮೂರು ಸಲ ಹೇಳಿದಳು. ದಾರ ಕೊಂಡು ಮುಗಿಸಿ, ತನಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ ಮೀನಂಗಡಿಯ ಬಾಗಿಲಲ್ಲಿ ನಿಂತಳು.

"ಹೊಸ ಮೀನು ಬಿಡೋ ಮುಂಚೆ ಕಲ್ಲು ಜರುಗಿಸಿದ್ರಾ?" ಅಂಗಡಿಯಾತ ಕೇಳಿದ.

"ಕಲ್ಲು ಯಾಕೆ? ಚೆನ್ನಾಗೇ ಜೋಡಿಸಿದ್ದೆನಲ್ಲ!"

"ಅದೇ ತಪ್ಪಾಗಿದ್ದು ಮೇಡಂ. ಹಳೇ ಮೀನಿಗೆ ಆ ಸಂದಿಯೆಲ್ಲ ತನ್ನದು ಅಂತ ಆಗಿಬಿಟ್ಟಿರುತ್ತೆ. ಪಾಪ, ಅದು ಕೆಟ್ಟದ್ದಲ್ಲ. ತನ್ನ ಮನೆ ಹೋಗುತ್ತೆ ಅಂತ ಅದಕ್ಕೆ ಭಯ. ಎಲ್ಲ ಕಲ್ಲೂ ತೆಗೆದು ಬೇರೆ ಥರ ಇಡಿ. ಆಗ ಅದಕ್ಕೂ ದಾರಿ ಗೊತ್ತಾಗಲ್ಲ, ಎಲ್ರೂ ಒಟ್ಟಿಗೆ ಹೊಸಬರಾಗ್ತಾರೆ. ಮೊದಲ ದಿನ ಲೈಟ್ ಹಾಕ್ಬೇಡಿ. ಇನ್ನೂ ಮೂರು ಹಳದಿ ಹೆಣ್ಣು ತಗೊಂಡು ಹೋಗಿ. ಗುಂಪು ದೊಡ್ಡದಾದ್ರೆ ಏಟು ಹಂಚಿ ಹೋಗುತ್ತೆ."

ಅಮ್ಮ ಬಾಗಿಲಿಂದ ಒಳಗೆ ಬಂದಿದ್ದಳು. ಯಾವಾಗ ಬಂದಳೋ ನಾನು ನೋಡಿರಲಿಲ್ಲ. ಮನೆಗೆ ಬಂದು ನೋಡಿದರೆ, ದಾರದ ಪೊಟ್ಟಣವನ್ನು ಮೀನಂಗಡಿಯ ಮೇಜಿನ ಮೇಲೇ ಮರೆತಿದ್ದಳು.

ಮಧ್ಯಾಹ್ನ ದೊಡ್ಡಮ್ಮ ಕಲ್ಲು ತೆಗೆಯತೊಡಗಿದಾಗ ಅಮ್ಮ ಹೇಳದೆ ಕೇಳದೆ ಬಳೆ ಮೇಲೇರಿಸಿ ತಾನೂ ನೀರಿಗೆ ಕೈ ಹಾಕಿದಳು. ಗುಡ್ಡ ಹೋಗಿ ಮೂರು ಸಣ್ಣ ದಿಬ್ಬಗಳಾದವು. ಸೀನಿಯರ್ ತನ್ನ ಗವಿ ಇದ್ದ ಕಡೆ ಹೋಗಿ ಬರೀ ಮರಳು ಕಂಡು ತಬ್ಬಿಬ್ಬಾಗಿ ನಿಂತಿತು. ಅದನ್ನು ಅಮ್ಮ ಬಹಳ ಹೊತ್ತು ನೋಡಿದಳು. ಸಂಜೆಯ ಹೊತ್ತಿಗೆ ಅದು ಎಡದ ದಿಬ್ಬದಲ್ಲಿ ಒಂದು ಸಂದಿ ಹಿಡಿದಿತ್ತು. ಏಳು ಹಳದಿಗಳು ನಡುವೆ ಧಾರಾಳವಾಗಿ ಓಡಾಡುತ್ತಿದ್ದವು. ಆಗೊಮ್ಮೆ ಈಗೊಮ್ಮೆ ಸೀನಿಯರ್ ಅಟ್ಟಿಸಿಕೊಂಡು ಹೋಗುತ್ತಿತ್ತು, ಶಾಸ್ತ್ರಕ್ಕೆ.

ಸೋಮವಾರ ಸಂಜೆ ನಾನೂ ದೊಡ್ಡಮ್ಮನೂ ಬೀದಿಯ ತಿರುವಿನಲ್ಲಿ ಸಿಕ್ಕೆವು. ಅವಳು ಆ ರೂಮನ್ನು ಕೊನೆಯ ಸಲ ನೋಡಿಕೊಂಡು ಬರುತ್ತಿದ್ದಳು. "ಗಾಳಿ ಬೆಳಕು ಪರವಾಗಿಲ್ಲ," ಎಂದಳು. ದನಿಯಲ್ಲಿ ಸತ್ವವೇ ಇರಲಿಲ್ಲ.

ಮನೆಯೊಳಗೆ ಕಾಲಿಟ್ಟರೆ ಹೊಲಿಗೆ ಮೆಷಿನ್ ಕಿಟಕಿ ಬಿಟ್ಟು ಎದುರು ಗೋಡೆಗೆ ಹೋಗಿತ್ತು. ಕಿಟಕಿಯ ಹತ್ತಿರ ದೊಡ್ಡಮ್ಮನ ಕುರ್ಚಿ. ಅಡುಗೆಮನೆಯಲ್ಲಿ ಒಲೆಯೊಂದನ್ನು ಬಿಟ್ಟು ಯಾವುದೂ ಇದ್ದ ಜಾಗದಲ್ಲಿಲ್ಲ. ಅನ್ನದ ಪಾತ್ರೆಗಳು ಡಬ್ಬಿಯ ಕಪಾಟಿನಲ್ಲಿ, ಡಬ್ಬಿಗಳು ತಟ್ಟೆಯ ಸ್ಟ್ಯಾಂಡಿನಲ್ಲಿ. ಲೈಟನ್ನೂ ಹಾಕಿರಲಿಲ್ಲ. ಅರೆಗತ್ತಲಲ್ಲಿ ಅಮ್ಮ ತಲೆಗೂದಲು ಕೆದರಿಕೊಂಡು ನಿಂತಿದ್ದಳು.

"ಟೀ ಮಾಡೋಣ ಅಂದ್ರೆ ಸಕ್ಕರೆ ಡಬ್ಬಿ ಎಲ್ಲಿಟ್ಟೆ ಅಂತ ನನಗೇ ಗೊತ್ತಾಗ್ತಿಲ್ಲ ಅಕ್ಕ," ಎಂದಳು. "ನೀನೂ ಸ್ವಲ್ಪ ಹುಡುಕು ಬಾ."

ದೊಡ್ಡಮ್ಮ ಹೊಸ್ತಿಲಲ್ಲೇ ನಿಂತು ಒಂದು ಸುತ್ತು ನೋಡಿದಳು. ಅವಳಿಗೆ ಅರ್ಥವಾಯಿತು. ಕಣ್ಣು ತುಂಬಿ ಬಂತು, ಆದರೆ ವಾರ್ಡನ್ ವಾರ್ಡನ್ನೇ. "ಹೀಗೆಲ್ಲಾದ್ರೂ ಇಡ್ತಾರೇನೆ? ಒಂದಕ್ಕೂ ತಲೆ ಬುಡ ಇಲ್ಲ," ಎಂದು ಗದರುತ್ತಲೇ ಚೀಲ ಕೆಳಗಿಟ್ಟು ಒಳಗೆ ನುಗ್ಗಿದಳು. ಈ ಸಲ ಯಾವುದಕ್ಕೂ "ತೆಗೆದುಕೊಳ್ಳಲಾ?" ಎಂದು ಕೇಳಲಿಲ್ಲ. ಇಬ್ಬರೂ ಮುಚ್ಚಳ ತೆರೆದು ತೆರೆದು ನೋಡಿದರು. ಸಕ್ಕರೆ ಸಿಕ್ಕಿದ್ದು ಮೀನಿನ ಊಟದ ಡಬ್ಬಿಯ ಪಕ್ಕದಲ್ಲಿ.

ಟೀ ಕುದಿಯುವಾಗ ದೊಡ್ಡಮ್ಮನ ಫೋನ್ ಬಡಿದುಕೊಂಡಿತು. ಆ ರೂಮಿನ ಮಾಲೀಕ. ದೊಡ್ಡಮ್ಮ ಕೈ ಒರೆಸಿಕೊಳ್ಳುವಷ್ಟರಲ್ಲಿ ಅಮ್ಮನೇ ಎತ್ತಿಕೊಂಡು ಹೇಳಿದಳು:

"ರೂಮು ಬೇಡ ಸ್ವಾಮಿ. ನಮ್ಮಕ್ಕನಿಗೆ ಇಲ್ಲೇ ಸೀಟು ಸಿಕ್ಕಿದೆ."