ಕಿತ್ತಳೆ ಪುಡಿ ಹಾಕಿದ ನೀರು

ಪ್ರಣೀತಾಳಿಗೆ ಅನ್ನ ಹಾಕುತ್ತಿದ್ದುದು ಅವಳ ಮೂಗು. ಗಲ್ಫಿನ ಅಲ್ ಮಬೇಲಾದಲ್ಲಿ ಲೇಬರ್ ಕ್ಯಾಂಪುಗಳಿಗೆ ಊಟ ಕಳಿಸುವ ದೊಡ್ಡ ಅಡುಗೆಮನೆಯೊಂದರಲ್ಲಿ ಅವಳು ಹನ್ನೊಂದು ವರ್ಷಗಳಿಂದ ಶುಚಿತ್ವ ನೋಡಿಕೊಳ್ಳುವ ಸೂಪರ್‌ವೈಸರ್. ಬೆಳಗ್ಗೆ ಐದು ಗಂಟೆಗೆ ಬಂದಿಳಿಯುವ ಕೋಳಿಯ ಪೆಟ್ಟಿಗೆಗಳನ್ನು ಮೂಸಿ ನೋಡುವುದು, ಮೀನಿನ ಕಿವಿರು ಎತ್ತಿ ಬಣ್ಣ ನೋಡುವುದು, ತರಕಾರಿ ಹೆಚ್ಚುವ ಹಲಗೆಯ ಗೀರುಗಳನ್ನು ಉಗುರಿನಿಂದ ಕೆರೆದು ನೋಡುವುದು ಅವಳ ಕೆಲಸ. ಮಲ್ಪೆಯ ಬಂದರಿನ ಹಿಂದಿನ ಓಣಿಯಲ್ಲಿ, ಐಸ್ ಪ್ಲಾಂಟಿನಲ್ಲಿ ದುಡಿಯುತ್ತಿದ್ದ ಅಪ್ಪನ ಜೊತೆ ಬೆಳೆದವಳು ಅವಳು. ಇವತ್ತಿನ ಬಂಗುಡೆ ಯಾವುದು, ನಿನ್ನೆಯದು ಯಾವುದು ಎಂದು ಏಳನೇ ವಯಸ್ಸಿಗೇ ಕಣ್ಣು ಮುಚ್ಚಿ ಹೇಳುತ್ತಿದ್ದಳು. ಒಮ್ಮೆ ಸಾಂಬಾರಿನ ಹಂಡೆಯಲ್ಲಿ ಜಿರಳೆಯ ಒಂದೇ ಒಂದು ಕಾಲು ಕಂಡಿತೆಂದು ಮುನ್ನೂರು ಜನರ ಸಾಂಬಾರನ್ನು ಚೆಲ್ಲಿಸಿದ್ದಳು. ಮ್ಯಾನೇಜರ್ ಬಾಯಿಗೆ ಬಂದಂತೆ ಬೈದಿದ್ದ. ಅವಳು ಹಂಡೆ ತೊಳೆದು ಮುಗಿಯುವ ತನಕ ಅಲ್ಲಿಂದ ಕದಲಿರಲಿಲ್ಲ.

ಕೆಲಸದಲ್ಲಿ ಬೆಲೆ ತಂದುಕೊಟ್ಟ ಈ ಗುಣ ಮನೆಯಲ್ಲಿ ಮಾತ್ರ ತಮಾಷೆಯ ವಸ್ತು. ನೆಂಟರ ಮನೆಯಲ್ಲಿ ಚಮಚ ಒರೆಸಿಕೊಳ್ಳುತ್ತಾಳೆ, ಹೋಟೆಲಿನ ಲೋಟವನ್ನು ಬೆಳಕಿಗೆ ಹಿಡಿಯುತ್ತಾಳೆ, ಮಾತು ಮಾತಿಗೆ ‘ಛೀ’ ಎನ್ನುತ್ತಾಳೆ ಎಂದು ಎಲ್ಲರೂ ಆಡಿಕೊಳ್ಳುವವರೇ. ಹೆಚ್ಚು ಆಡಿಕೊಳ್ಳುತ್ತಿದ್ದವನು ಮೈದುನ ಕೀರ್ತನ್. ಮೂವತ್ತನಾಲ್ಕರ, ಇನ್ನೂ ಮದುವೆಯಾಗದ ಕೀರ್ತನ್ ಬೌಷರಿನ ಒಂದು ಆಫೀಸಿನಲ್ಲಿ ಸೇಲ್ಸ್ ಕೆಲಸದಲ್ಲಿದ್ದ. ವಾರದ ರಜೆಯಲ್ಲಿ ಬೆಟ್ಟ, ಮರಳು, ಸಮುದ್ರ ಎಂದು ಅಲೆದು ವಿಡಿಯೊ ಮಾಡುವ ಹುಚ್ಚು ಅವನಿಗೆ. ಡಿಸೆಂಬರ್ ಕೊನೆಯ ರಜೆಯಲ್ಲಿ ಅಣ್ಣನ ಸಂಸಾರವನ್ನು ಮೂರು ದಿನ ‘ವಾದಿ’ ಎನ್ನುವ ಕಣಿವೆಯೊಂದರೊಳಗೆ ನಡೆಸಿಕೊಂಡು ಹೋಗುವುದಾಗಿ ಹೊರಟವನು ಅವನೇ. ಎರಡು ಬೆಟ್ಟಗಳ ನಡುವೆ ನೀರು ಕೊರೆದು ಮಾಡಿದ ಆಳದ ಕಂದಕ, ಅದರ ತಳದಲ್ಲಿ ಅಲ್ಲಲ್ಲಿ ಹೊಂಡಗಳು, ರಾತ್ರಿ ಟೆಂಟು.

ಪ್ರಣೀತಾ ಬೇಡವೆಂದಳು. ಗಂಡ ಭೋಜರಾಜ, “ಅವನು ಅಷ್ಟು ಆಸೆಯಿಂದ ಕರೀತಾನೆ, ಇಲ್ಲ ಹೇಳುದು ಹೇಗೆ?” ಎಂದ. ತಮ್ಮನಿಗೆ ಇಲ್ಲ ಎನ್ನಲು ಭೋಜರಾಜನಿಗೆ ಯಾವತ್ತೂ ಬಾಯಿ ಬಂದದ್ದಿಲ್ಲ. ಕೊನೆಗೆ ಅವಳನ್ನು ಒಪ್ಪಿಸಿದ್ದು ಒಂಬತ್ತನೇ ಕ್ಲಾಸಿನ ಮಗಳು ಅಕ್ಷಿತಾ.

“ಅಮ್ಮ, ಪ್ಲೀಸ್. ಬಾ. ಆದ್ರೆ ಒಂದು ಪ್ರಾಮಿಸ್ ಬೇಕು. ಮೂರು ದಿನ ಛೀ ಅನ್ನಬಾರದು. ನೀನು ಛೀ ಅಂದ್ರೆ ಎಲ್ಲ ಸ್ಪಾಯ್ಲ್ ಆಗ್ತದೆ.”

ಆ ಮಾತು ಪ್ರಣೀತಾಳಿಗೆ ನಾಟಿತು. ತಾನು ಮಗಳ ಸಂತೋಷಕ್ಕೆಲ್ಲ ಕಲ್ಲು ಹಾಕುವ ತಾಯಿ ಎಂದೇ ಆಯಿತಲ್ಲ! “ಆಯ್ತು, ಅನ್ನುದಿಲ್ಲ” ಎಂದು ಮಾತು ಕೊಟ್ಟಳು.

ಮಬೇಲಾದಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಉಳ್ಳಾಲದ ಮೂಸಬ್ಬ ತನ್ನ ಗಾಡಿಯಲ್ಲಿ ನಾಲ್ವರನ್ನೂ ಕಂದಕದ ಬಾಯಿಗೆ ಇಳಿಸಿದ. ಮೂರನೇ ದಿನ ಸಂಜೆ ಕೆಳಗಿನ ತುದಿಗೆ ಬಂದು ಕರೆದೊಯ್ಯುವುದಾಗಿ ಹೇಳಿ ಹೋದ. ಅವನ ಗಾಡಿಯ ಧೂಳು ಇಳಿಯುವ ಮೊದಲೇ ಪ್ರಣೀತಾಳ ಪರೀಕ್ಷೆ ಶುರುವಾಯಿತು. ರಜೆಗೆ ಬಂದವರು ಮಾಂಸ ಸುಟ್ಟು ತಿಂದು ಹೋದ ಜಾಗ ಅದು. ಅರೆಬೆಂದ ಇದ್ದಿಲು, ಜಿಡ್ಡು ಹಿಡಿದ ಅಲ್ಯೂಮಿನಿಯಂ ಹಾಳೆ, ಕೋಳಿಯ ಮೂಳೆ, ಅದಕ್ಕೆ ಮುತ್ತಿದ ಇರುವೆ. ಒಂದು ಬಂಡೆಯ ನೆರಳಿನಲ್ಲಿ ಮಗುವಿನ ಡೈಪರುಗಳನ್ನು ಮಡಚಿ ಸಾಲಾಗಿ ಇಟ್ಟಿದ್ದರು, ಯಾರೋ ಬಂದು ಎತ್ತಿಕೊಂಡು ಹೋಗುತ್ತಾರೆ ಎಂಬಂತೆ. ಅವಳು ಚೂಡಿದಾರದ ವೇಲನ್ನೇ ಮೂಗಿಗೆ ಒತ್ತಿಕೊಂಡು ದಾಟಿದಳು. ಅಕ್ಷಿತಾ ತಿರುಗಿ ನೋಡಿ ಕಣ್ಣು ಹೊಡೆದಳು. ಪ್ರಣೀತಾ ಬಾಯಿ ಬಿಡಲಿಲ್ಲ.

ಒಳಗೆ ಹೋದಂತೆ ಕಸ ಕಡಿಮೆಯಾಯಿತು. ಆದರೆ ಕೀರ್ತನ್ ಜೊತೆಯಲ್ಲೇ ಇದ್ದ. ಅವನು ಬಾದಾಮಿ ತಿಂದು ಪ್ಲಾಸ್ಟಿಕ್ ಕವರನ್ನು ಕಲ್ಲಿನ ಸಂದಿಗೆ ತುರುಕುತ್ತಿದ್ದ; ಪ್ರಣೀತಾ ಹಿಂದಿನಿಂದ ಹೆಕ್ಕಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಸಂಜೆ ನೂಡಲ್ಸ್ ಬೇಯಿಸುವಾಗ ಅವನು ಸೌಟು ನೆಕ್ಕಿ ಉಪ್ಪು ನೋಡಿದ. ಅದೇ ಸೌಟನ್ನು ಮತ್ತೆ ಪಾತ್ರೆಗಿಳಿಸಿ ಅವಳ ತಟ್ಟೆಗೆ ಬಡಿಸಿದ. ಪಾತ್ರೆಯನ್ನು ಮರಳಿನಲ್ಲಿ ತಿಕ್ಕಿ, ಬೆವರು ಒರೆಸಿಕೊಂಡ ಟವೆಲಿನಲ್ಲಿ ಒರೆಸಿಟ್ಟ. ಪ್ರಣೀತಾ ಎರಡು ತುತ್ತು ಹಾಗೆಯೇ ನುಂಗಿದಳು. ಉಳಿದದ್ದನ್ನು ಹಸಿವಿಲ್ಲವೆಂದು ಗಂಡನಿಗೆ ದಾಟಿಸಿದಳು. ಬೆಂಕಿಯ ಪಕ್ಕ ಚಿಕ್ಕಪ್ಪನ ಹೆಗಲಿಗೆ ಒರಗಿ ಮಗಳು ನಗುತ್ತಿದ್ದುದನ್ನು ಕಂಡು, ಇನ್ನು ಎರಡು ದಿನ ತಾನೇ, ಎಂದು ಸಮಾಧಾನ ಮಾಡಿಕೊಂಡಳು.

ಎರಡನೇ ದಿನ ಮಧ್ಯಾಹ್ನಕ್ಕೆ ನೀರು ಮುಗಿಯಿತು. ಮುಗಿಯಬಾರದಿತ್ತು. ಲೆಕ್ಕ ಹಾಕಿ ಬಾಟಲಿ ತುಂಬಿಸಿಕೊಟ್ಟವಳು ಅವಳೇ.

“ನಿನ್ನ ಚೀಲದಲ್ಲಿ ನಾಲ್ಕು ಬಾಟಲಿ ಉಂಟಲ್ಲ ಕೀರ್ತನ್?”

“ಅದು... ಮೂಸಬ್ಬನ ಗಾಡಿಯಲ್ಲೇ ಬಿಟ್ಟೆ ಅತ್ತಿಗೆ. ಡ್ರೋನ್ ಇಡ್ಲಿಕ್ಕೆ ಜಾಗ ಬೇಕಿತ್ತು. ಟೆನ್ಶನ್ ಮಾಡ್ಬೇಡಿ. ಮುಂದೆ ಒಂದು ಒರತೆ ಉಂಟು, ನನ್ನ ಹತ್ರ ಫಿಲ್ಟರ್ ಉಂಟು.”

ಅಣ್ಣ ತಮ್ಮ ಇಬ್ಬರೂ ಖಾಲಿ ಬಾಟಲಿಗಳನ್ನು ಹೊತ್ತು ಕಂದಕದ ಒಂದು ಕವಲಿನೊಳಗೆ ಹೋದರು. ಮುಕ್ಕಾಲು ಗಂಟೆಯ ಮೇಲೆ ತಿರುಗಿ ಬಂದರು. ಬಾಟಲಿಗಳಲ್ಲಿ ಕಿತ್ತಳೆ ಬಣ್ಣದ ನೀರಿತ್ತು. ಶರಬತ್ತಿನ ಪುಡಿ ಕಲಸಿ ತಂದಿದ್ದ ಕೀರ್ತನ್.

“ಸ್ಪೆಶಲ್ ಜ್ಯೂಸ್! ಯಲ್ಲಾ, ಬೇಗ ಕುಡೀರಿ ಕುಡೀರಿ” ಎಂದು ಅರಬರ ಧಾಟಿಯಲ್ಲಿ ಹೇಳುತ್ತ ಫೋನು ಹಿಡಿದು ವಿಡಿಯೊ ಮಾಡತೊಡಗಿದ.

ಪ್ರಣೀತಾ ಮುಚ್ಚಳ ತೆರೆದಳು. ಮೊದಲು ಬಂದದ್ದು ಕಿತ್ತಳೆಯ ಘಾಟು. ಅದರ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ತೆಳ್ಳಗೆ, ಸಿಹಿಸಿಹಿಯಾಗಿ. ಕರೆಂಟು ಹೋಗಿ ಕೋಲ್ಡ್ ರೂಮು ಕೆಟ್ಟ ಮರುದಿನ ಮಾಂಸದ ಪೆಟ್ಟಿಗೆಯಿಂದ ಬರುತ್ತದಲ್ಲ, ಅದೇ. ಅವಳ ಕೈ ತಡೆಯಿತು. ತಲೆ ಎತ್ತಿದರೆ ಎದುರಿಗೆ ಅಕ್ಷಿತಾ ಬಾಟಲಿ ಹಿಡಿದು, ಈಗ ಅಮ್ಮ ಹೇಳಿಯೇ ಬಿಡುತ್ತಾಳೆ ನೋಡಿ ಎಂಬಂತೆ ಹುಬ್ಬೇರಿಸಿ ನಿಂತಿದ್ದಳು. ಮೈದುನನ ಫೋನು ತನ್ನ ಮುಖದ ಮೇಲೆಯೇ ಇತ್ತು. ಫಿಲ್ಟರ್ ಇತ್ತಲ್ಲ, ಹೊಂಡದ ಪಾಚಿಯ ವಾಸನೆಯಿರಬಹುದು ಎಂದು ತನಗೆ ತಾನೇ ಹೇಳಿಕೊಂಡು ಎರಡು ಗುಟುಕು ಕುಡಿದಳು. ಬಾಯಾರಿದ್ದ ಅಕ್ಷಿತಾ ಬಾಟಲಿಯನ್ನೇ ಖಾಲಿ ಮಾಡಿದಳು. ಭೋಜರಾಜ ಮಾತ್ರ ಬೇಡವೆಂದು ಕೈ ಅಲ್ಲಾಡಿಸಿಬಿಟ್ಟ. “ನನಗೆ ಬೇಡ. ಹುಳಿ ಕುಡಿದ್ರೆ ಎದೆ ಉರಿ ಬರ್ತದೆ.”

ಮರುದಿನ ಬೆಳಕು ಹರಿಯುವ ಹೊತ್ತಿಗೆ ಮಗಳ ನರಳಾಟಕ್ಕೆ ಪ್ರಣೀತಾಳಿಗೆ ಎಚ್ಚರವಾಯಿತು. ಅಕ್ಷಿತಾ ಟೆಂಟಿನ ಜಿಪ್ಪು ತೆರೆಯುವಷ್ಟರಲ್ಲೇ ವಾಂತಿ ಮಾಡಿಕೊಂಡಳು. ಆಮೇಲೆ ಹೊಟ್ಟೆಯೂ ಕೆಟ್ಟಿತು. ಸ್ಲೀಪಿಂಗ್ ಬ್ಯಾಗು, ಪ್ಯಾಂಟು, ಕೂದಲು ಎಲ್ಲವೂ ಹೊಲಸು. ಪ್ರಣೀತಾಳಿಗೂ ಹೊಟ್ಟೆ ತೊಳಸುತ್ತಿತ್ತು. ತೊಳೆಯಲು ನೀರಿಲ್ಲ. ತಣ್ಣಗಿನ ಮರಳನ್ನೂ ತನ್ನ ವೇಲನ್ನೂ ಬಳಸಿ ಅವಳು ಮಗಳ ಕಾಲು, ತೊಡೆ, ಬೆನ್ನು ಒರೆಸಿದಳು. ಉಗುರಿನ ಸಂದಿಗೆ ಹೊಕ್ಕದ್ದು ಹೊಕ್ಕಿತು. ಜಿರಳೆಯ ಕಾಲಿಗೆ ಹಂಡೆ ಚೆಲ್ಲಿದ ಆ ಕೈಗಳು ಈಗ ಒಂದು ಸಲವೂ ಹಿಂದೆ ಸರಿಯಲಿಲ್ಲ.

“ಸಾರಿ ಅಮ್ಮ,” ಎಂದು ಅಕ್ಷಿತಾ ಅಳುತ್ತಿದ್ದಳು. “ಇಟ್ಸ್ ಸೋ ಡರ್ಟಿ. ಸಾರಿ.”

“ಸುಮ್ಮನಿರು ಮಗಾ. ಇದೆಲ್ಲ ಎಂತ ದೊಡ್ಡದು?”

ಆ ಹೊತ್ತು ಅವಳಿಗೆ ಹೇಸಿಗೆ ಹುಟ್ಟಿದ್ದು ತನ್ನ ಮೇಲೆಯೇ. ಮೂಗು ಹೇಳಿತ್ತು. ಸ್ಪಷ್ಟವಾಗಿಯೇ ಹೇಳಿತ್ತು. ಯಾರೋ ಮುನ್ನೂರು ಜನ ಕೂಲಿಗಳಿಗೆ ಉಣಲು ಬಿಡದ ವಾಸನೆಯನ್ನು ಹೆತ್ತ ಮಗಳಿಗೆ ಕುಡಿಯಬಿಟ್ಟಿದ್ದಳು. ಅದೂ ತನ್ನನ್ನು ನೋಡಿ ನಾಲ್ಕು ಜನ ನಗುತ್ತಾರೆಂದು.

ಭೋಜರಾಜ ತನ್ನ ಚೀಲದ ತಳದಿಂದ ಅರ್ಧ ಬಾಟಲಿ ಒಳ್ಳೆಯ ನೀರು ತೆಗೆದು ಮಗಳಿಗೆ ಗುಟುಕು ಗುಟುಕಾಗಿ ಕುಡಿಸಿದ. ಪುಣ್ಯಾತ್ಮ, ಅಷ್ಟಾದರೂ ಉಳಿಸಿಟ್ಟಿದ್ದನಲ್ಲ ಎಂದು ಅವಳಿಗೆ ಕಣ್ಣಲ್ಲಿ ನೀರು ಬಂತು.

ಫೋನಿಗೆ ಸಿಗ್ನಲ್ ಇರಲಿಲ್ಲ. ಅಕ್ಷಿತಾಳನ್ನು ಇಬ್ಬರ ನಡುವೆ ಹಿಡಿದುಕೊಂಡು ಹೊರಟರು. ನೂರು ಹೆಜ್ಜೆಗೊಮ್ಮೆ ಕೂರಿಸಬೇಕಾಗಿತ್ತು. ಒಂಬತ್ತು ಗಂಟೆಯ ಸುಮಾರಿಗೆ ತಿರುವಿನಲ್ಲಿ ಒಬ್ಬ ಮುದುಕ ಕತ್ತೆಯೊಂದನ್ನು ಹೊಡೆದುಕೊಂಡು ಎದುರಾದ. ಮಾಸಿದ ದಿಶ್‌ದಾಶಾ ನಿಲುವಂಗಿ ತೊಟ್ಟು ತಲೆಗೆ ಬಟ್ಟೆ ಸುತ್ತಿದ್ದ. ಹೆಸರು ಫಾಹಿಮ್. ಕಂದಕದ ಕೆಳಗಡೆ ಖರ್ಜೂರದ ತೋಟ ಇಟ್ಟುಕೊಂಡವನು. ಒಡೆದ ಹಿಂದಿಯಲ್ಲಿ ಸಲಾಮು ಹೇಳಿ, ಬಿಳಿ ಕಿವಿಯ ಕಂದು ಮೇಕೆಯೊಂದನ್ನು ಕಂಡಿರಾ ಎಂದು ಕೇಳಿದ. ಐದು ದಿನವಾಯಿತಂತೆ ಅದು ತಪ್ಪಿಸಿಕೊಂಡು.

“ನಹೀ, ನಹೀ ದೇಖಾ” ಎಂದ ಕೀರ್ತನ್, ಪ್ರಶ್ನೆ ಮುಗಿಯುವ ಮೊದಲೇ.

ಭೋಜರಾಜ ಬಗ್ಗಿ ಶೂಸಿನ ದಾರ ಕಟ್ಟಿಕೊಳ್ಳತೊಡಗಿದ. ದಾರ ಬಿಚ್ಚಿರಲಿಲ್ಲ. ಪ್ರಣೀತಾ ಅದನ್ನು ನೋಡಿದಳು.

ಕವಲಿನ ಹೊಂಡದ ಮೇಲೆ ನಿನ್ನೆಯಿಂದ ಹದ್ದುಗಳು ಸುತ್ತುತ್ತಿವೆ, ಅಲ್ಲಿಗೇ ಹೊರಟಿದ್ದೇನೆ ಎಂದ ಫಾಹಿಮ್. ಮಾತಾಡುತ್ತಲೇ ಅವನ ಕಣ್ಣು ಅಕ್ಷಿತಾಳ ಬಿಳಿಚಿಕೊಂಡ ಮುಖದ ಮೇಲೆ, ಆಮೇಲೆ ಪ್ರಣೀತಾಳ ಬಾಟಲಿಯಲ್ಲಿ ಉಳಿದಿದ್ದ ಕಿತ್ತಳೆ ನೀರಿನ ಮೇಲೆ ನಿಂತಿತು. “ಆ ಹೊಂಡದ ನೀರು ಕುಡಿದಿರಾ?” ಎಂದು ಮೆಲ್ಲಗೆ ಕೇಳಿದ.

ಪ್ರಣೀತಾ ಮೈದುನನ ಕಡೆ ತಿರುಗಿದಳು.

“ಸೋಸಿದ್ದೆ ಅತ್ತಿಗೆ” ಎಂದ ಕೀರ್ತನ್. “ಫಿಲ್ಟರ್ ಬ್ಲಾಕ್ ಆಗಿತ್ತು, ಅದಕ್ಕೆ ಟವೆಲಿನಲ್ಲಿ ಮೂರು ಸಲ ಸೋಸಿದ್ದೆ. ಮೇಕೆ ಆಚೆ ಬದಿಯಲ್ಲಿತ್ತು. ನಾನು ಈಚೆ ಬದಿಯಿಂದ ತುಂಬಿಸಿದ್ದು.”

ಒಂದು ಕ್ಷಣ ಅವಳಿಗೆ ಮಾತು ಅರ್ಥವೇ ಆಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ ಕಣ್ಣಿಗೆ ಕಟ್ಟಿತು. ಉಬ್ಬಿ ತೇಲುತ್ತಿರುವ ಮೇಕೆ, ಬೆವರಿನ ಆ ಟವೆಲು, ಪುಡಿಯ ಪೊಟ್ಟಣ ಹರಿಯುವ ಕೈ. ಪಕ್ಕದಲ್ಲೇ ನಿಂತ ಗಂಡ. ಅವಳು ಬಂಡೆಗೆ ಕೈಯೂರಿ, ಹೊಟ್ಟೆಯಲ್ಲಿ ಏನೂ ಇಲ್ಲದಿದ್ದರೂ ಹಸಿರು ಪಿತ್ತ ಬರುವ ತನಕ ಕಾರಿದಳು. ಬಾಯಿ ಒರೆಸಿಕೊಂಡು ಗಂಡನನ್ನು ಕೇಳಿದಳು:

“ನೀವು ನೋಡಿದ್ರಾ?”

“ಸೋಸಿದ ಮೇಲೆ ಏನಾಗ್ತದೆ ಅಂತ...” ಭೋಜರಾಜ ನೆಲ ನೋಡುತ್ತಿದ್ದ. “ನಿನಗೆ ಹೇಳಿದ್ರೆ ಗಲಾಟೆ ಆಗ್ತಿತ್ತು. ಅವನಿಗೂ ಬೇಜಾರಾಗ್ತಿತ್ತು.”

“ಅದಕ್ಕೆ ನೀವು ಕುಡೀಲಿಲ್ಲ.”

ಎದೆ ಉರಿಯೂ ಇಲ್ಲ, ಹುಳಿಯೂ ಇಲ್ಲ. ಒಳ್ಳೆಯ ನೀರು ಅರ್ಧ ಬಾಟಲಿ ಅವನ ಚೀಲದಲ್ಲಿತ್ತು. ಮಗಳು ಇನ್ನೊಂದನ್ನು ಗಟಗಟನೆ ಕುಡಿಯುವುದನ್ನು ನೋಡುತ್ತ ನಿಂತಿದ್ದ. ಬೆಳಗ್ಗೆ ಅದೇ ನೀರಿಗಾಗಿ ತಾನು ಅವನನ್ನು ಮನಸ್ಸಿನಲ್ಲೇ ಹರಸಿದ್ದು ಅವಳಿಗೆ ನೆನಪಾಯಿತು.

ಫಾಹಿಮ್‌ಗೆ ಇವರ ಭಾಷೆ ತಿಳಿಯದಿದ್ದರೂ ವಿಷಯ ತಿಳಿದುಹೋಗಿತ್ತು. ಮೇಕೆಯನ್ನು ಹುಡುಕುವುದು ಬಿಟ್ಟು ಕತ್ತೆಯನ್ನು ಹಿಂದಕ್ಕೆ ತಿರುಗಿಸಿದ. ಅಕ್ಷಿತಾಳನ್ನು ಅದರ ಮೇಲೆ ಕೂರಿಸಿ, ಬೀಳದಂತೆ ಪ್ರಣೀತಾಳ ಕೈಯನ್ನು ಅವಳ ಸೊಂಟಕ್ಕೆ ಕೊಟ್ಟು, ಹಗ್ಗ ಹಿಡಿದು ಮುಂದೆ ನಡೆದ. ಅಣ್ಣ ತಮ್ಮಂದಿರು ಚೀಲ ಹೊತ್ತು ಹಿಂದೆ ಬಂದರು. ಎರಡು ಗಂಟೆಯ ದಾರಿಯಲ್ಲಿ ಕೀರ್ತನ್ ಎರಡು ಸಲ “ಸಾರಿ ಅತ್ತಿಗೆ” ಎಂದ.

ಫಾಹಿಮನ ಮನೆಯಲ್ಲಿ ಅವನ ಹೆಂಡತಿ ಒಣ ಲಿಂಬೆಯನ್ನು ಕುದಿಸಿ, ಉಪ್ಪು ಸಕ್ಕರೆ ಹಾಕಿ ಕೊಟ್ಟಳು. ಲೋಟದ ಅಂಚು ಒಡೆದಿತ್ತು, ಅದರ ಮೇಲೆ ನೊಣ ಕೂತೆದ್ದುಹೋಗಿತ್ತು. ಪ್ರಣೀತಾ ನೊಣವನ್ನೂ ನೋಡಿದಳು, ಒಲೆಯ ಮೇಲೆ ನೀರು ಮರಳುತ್ತಿದ್ದುದನ್ನೂ ನೋಡಿದಳು. ಅಂಚನ್ನು ಬೆರಳಿನಿಂದ ಒರೆಸಿ ಮೊದಲು ತಾನು ಕುಡಿದು, ಮೂಸಿ, ಆಮೇಲೆ ಮಗಳಿಗೆ ಕೊಟ್ಟಳು. ಮನೆಯ ಮಾಡಿನ ಮೇಲೆ ಹತ್ತಿದರೆ ಸಿಗ್ನಲ್ ಸಿಗುತ್ತಿತ್ತು. ಮೂಸಬ್ಬ ಮಧ್ಯಾಹ್ನಕ್ಕೇ ಗಾಡಿ ತಂದ. ಹೊರಡುವಾಗ ಭೋಜರಾಜ ಏನೋ ಕೊಡಲು ಕಿಸೆಗೆ ಕೈ ಹಾಕಿದರೆ ಫಾಹಿಮ್ ಅವನ ಕೈಯನ್ನು ಮುಟ್ಟದೆ ಒಳಗೆ ಹೋದ.

ಅಕ್ಷಿತಾಳಿಗೆ ಎರಡು ದಿನ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ವಾರದಲ್ಲಿ ಚೇತರಿಸಿಕೊಂಡಳು. ಅವಳು ಆಸ್ಪತ್ರೆಯಲ್ಲಿರುವಾಗಲೇ ಕೀರ್ತನ್ ತನ್ನ ವಿಡಿಯೊವನ್ನು ಹಾಡು ಕೂಡಿಸಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ್ದ. ಡ್ರೋನಿನಿಂದ ಕಾಣುವ ಕೆಂಪು ಗೋಡೆಗಳು, ಬೆಂಕಿ, ಮತ್ತು ನಡುವೆ ಅತ್ತಿಗೆಯೂ ಅಕ್ಷಿತಾಳೂ ಕಿತ್ತಳೆ ನೀರು ಕುಡಿಯುವ ದೃಶ್ಯ. ಊರಿನಿಂದ, ದುಬೈನಿಂದ ಎಲ್ಲರೂ ಹೃದಯದ ಚಿತ್ರಗಳನ್ನು ಕಳಿಸಿದ್ದರು. ಪ್ರಣೀತಾ ಆ ದೃಶ್ಯವನ್ನು ಆಸ್ಪತ್ರೆಯ ಕುರ್ಚಿಯಲ್ಲಿ ಕೂತು ಒಂದೇ ಸಲ ನೋಡಿದಳು. ಕೆಳಗೆ ಬರೆದಳು: ‘ಈ ನೀರಿನಲ್ಲಿ ಸತ್ತ ಮೇಕೆ ಇತ್ತು. ಕೀರ್ತನನಿಗೆ ಗೊತ್ತಿತ್ತು. ಅಕ್ಷಿತಾ ಆಸ್ಪತ್ರೆಯಲ್ಲಿ ಇದ್ದಾಳೆ.’ ಗಂಡನ ಹೆಸರು ಬರೆಯಲಿಲ್ಲ. ಐದು ನಿಮಿಷದಲ್ಲಿ ವಿಡಿಯೊ ಮಾಯವಾಯಿತು. ಸಣ್ಣ ವಿಷಯವನ್ನು ಅಷ್ಟು ದೊಡ್ಡದು ಮಾಡಬಾರದಿತ್ತು ಎಂದು ಅತ್ತೆ ಫೋನು ಮಾಡಿದರು.

ಸೀಬಿನಲ್ಲಿದ್ದ ತಮ್ಮ ಫ್ಲ್ಯಾಟಿಗೆ ಮರಳಿದ ದಿನ ಅವಳು ಗಂಡನಿಗೆ ಒಂದೇ ಮಾತು ಹೇಳಿದಳು.

“ಅವಳಿಗೆ ನೀವೇ ಹೇಳ್ಬೇಕು. ನಾನು ಹೇಳುದಿಲ್ಲ. ನಿಮಗೆ ಗೊತ್ತಿತ್ತು, ನೀವು ಕುಡೀಲಿಲ್ಲ ಅಂತ ನಿಮ್ಮ ಬಾಯಲ್ಲೇ ಅವಳಿಗೆ ಗೊತ್ತಾಗ್ಬೇಕು.”

ಬಂಡೆಯ ಬಳಿ ಆಡಿದ ಆ ಮಾತುಗಳನ್ನು, ತಲೆ ಎತ್ತಲೂ ಆಗದ ಸ್ಥಿತಿಯಲ್ಲಿದ್ದ ಅಕ್ಷಿತಾ ಕೇಳಿಸಿಕೊಂಡಿರಲಿಲ್ಲ. ಎಲ್ಲ ತಪ್ಪೂ ಚಿಕ್ಕಪ್ಪನದೆಂದು ಅವಳು ತಿಳಿದಿದ್ದಳು. ಆಪತ್ತಿಗೆ ಒಳ್ಳೆಯ ನೀರು ಉಳಿಸಿಟ್ಟ ಅಪ್ಪನನ್ನು ಗೆಳತಿಯರೆದುರು ಹೊಗಳುತ್ತಿದ್ದಳು. ಅದನ್ನು ಕೇಳಿದಾಗಲೆಲ್ಲ ಪ್ರಣೀತಾ ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆಯುತ್ತಿದ್ದಳು. ಭೋಜರಾಜ ಇವತ್ತು ಹೇಳುತ್ತೇನೆ, ಪರೀಕ್ಷೆ ಮುಗಿಯಲಿ, ಶುಕ್ರವಾರ ಹೇಳುತ್ತೇನೆ ಎಂದು ಮೂರು ವಾರ ತಳ್ಳಿದ. ಹಾಸಿಗೆಯಲ್ಲಿ ಅವನ ಕೈ ತಾಗಿದರೆ ಅವಳ ಮೈ ತಾನಾಗಿ ಗೋಡೆಯ ಕಡೆ ಸರಿಯುತ್ತಿತ್ತು. ಜಗಳವಾಡಲು ಅವಳಿಗೆ ಕೋಪವೇ ಬರುತ್ತಿರಲಿಲ್ಲ. ಬರುತ್ತಿದ್ದುದು ಓಕರಿಕೆ.

ಜನವರಿ ಕೊನೆಯ ಒಂದು ಬೆಳಗ್ಗೆ ಮಗಳನ್ನು ಶಾಲೆಗೆ ಬಿಡಲು ಹೋದವನು ಆಫೀಸಿಗೆ ಹೋಗದೆ ಮನೆಗೆ ಬಂದ. ಅಂದು ಪ್ರಣೀತಾಳಿಗೆ ರಜೆ. ಅವಳು ಬಂಗುಡೆ ತೊಳೆಯುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನು, “ಹೇಳಿದೆ” ಎಂದ.

“ಅವಳು ಎಂತ ಹೇಳಿದ್ಲು?”

“ಏನೂ ಹೇಳ್ಲಿಲ್ಲ. ‘ಸ್ಟಾಪ್ ದ ಕಾರ್’ ಅಂದ್ಲು. ಗೇಟು ಇನ್ನೂ ದೂರ ಇತ್ತು. ಇಳಿದು ನಡ್ಕೊಂಡು ಹೋದ್ಲು. ತಿರುಗಿ ನೋಡ್ಲಿಲ್ಲ.” ಅವನ ದನಿ ಒಡೆಯಿತು. “ನೀನಾದ್ರೂ ಅವಳಿಗೆ ಸ್ವಲ್ಪ ಹೇಳು ಮಾರಾಯ್ತಿ.”

ಅವನು ಅಳುತ್ತಿದ್ದ. ಹದಿನಾರು ವರ್ಷ ಒಟ್ಟಿಗೆ ಬಾಳಿದವನು. ಕೈ ತೊಳೆದುಕೊಂಡು ಹೋಗಿ ಅವನ ಹೆಗಲ ಮೇಲೆ ಕೈಯಿಡಬೇಕು ಎಂದು ಅವಳಿಗೆ ಅನ್ನಿಸಿತು. ಅನ್ನಿಸಿತಷ್ಟೇ, ಕಾಲು ಏಳಲಿಲ್ಲ.

“ಅದು ನೀವೂ ಅವಳೂ ಸರಿ ಮಾಡ್ಕೊಳ್ಬೇಕಾದ್ದು” ಎಂದಳು. “ನನ್ನಿಂದ ಆಗುದಿಲ್ಲ.”

ಭೋಜರಾಜ ಕಾರಿನ ಕೀ ತೆಗೆದುಕೊಂಡು ಹೊರಟ. ಶಾಲೆ ಬಿಡಲು ಇನ್ನೂ ನಾಲ್ಕು ಗಂಟೆಯಿತ್ತು. ಅವನು ಆಫೀಸಿಗೆ ಹೋಗದೆ ಶಾಲೆಯ ಗೇಟಿನ ಎದುರೇ ಕಾದು ಕೂತಿದ್ದನೆಂದು ಅವಳಿಗೆ ಗೊತ್ತಾದದ್ದು ಮಧ್ಯಾಹ್ನ, ಅಪ್ಪ ಮಗಳು ಒಂದೂ ಮಾತಿಲ್ಲದೆ ಒಟ್ಟಿಗೆ ಮೆಟ್ಟಿಲು ಹತ್ತಿ ಬಂದಾಗ.